ಬಾಣಂತಿ ಖೋಲಿಗೆ ಕ್ಯಾಮೆರಾ ಯಾಕ?

ಹೋದ ಐತವಾರ ನಮ್ಮ ಓಣಿಯ ವೈನಿ ಒಬ್ಬರು ಫೋನ್ ಮಾಡಿದ್ರು. "ಹುಡುಗೂರ ಪರೀಕ್ಷಾ ಮುಗದಾವ, ಎಲ್ಲಾರೂ ಕೂಡಿ ದಾಂಡೇಲಿಗೆ ಹೊಂಟೀವಿ. ನೀವು ಹೋದ ವರ್ಷ ಹಾರ್ನ್‌ಬಿಲ್ ಗೂಡು ನೋಡಿ ಬಂದಿದ್ರೆಲಾ, ಅದನ್ನ ತೋರಿಸಿದ ಹುಡುಗನ ನಂಬರ ಕೊಡ್ರಿ" ಅಂದ್ರು. ನಾನು "ಅಯ್ಯ ವೈನಿ, ಫೋನ್ ಬದಲಿ ಮಾಡೀನಿ, ನಂಬರ ಎಲ್ಲಾ ಹೋಗ್ಯಾವ" ಅಂದುಬಿಟ್ಟೆ.

ಸುಳ್ಳು ಹೇಳಿದೆ. ನಂಬರ ಅದ. ಕೊಡೂ ಮನಸ್ಸಿರಲಿಲ್ಲ. ಫೋನ್ ಇಟ್ಟು ಸಾರಿಗೆ ಒಗ್ಗರಣಿ ಹಾಕೂ ಮುಂದ ಅನಿಸ್ತು, ಸುಳ್ಳು ಹೇಳೂದಕ್ಕಿಂತ ಯಾಕ ಕೊಡಂಗಿಲ್ಲ ಅಂತ ಹೇಳಿಬಿಡೂದು ಛೊಲೊ ಅಂತ. ಫೋನಿನ್ಯಾಗ ಇಷ್ಟೆಲ್ಲಾ ಹೇಳಾಕ ಆಗಂಗಿಲ್ಲ, ನಡುವ ಕುಕ್ಕರ್ ಸೀಟಿ ಹೊಡೀತದ. ಅದಕ್ಕ ಇಲ್ಲೆ ಬರೀಲಿಕತ್ತೀನಿ. ವೈನಿ, ಸಿಟ್ಟಾಗಬ್ಯಾಡ್ರಿ, ಪೂರ್ತಿ ಓದ್ರಿ.

ಧಾರವಾಡದವರಿಗೆ ದಾಂಡೇಲಿ ಅಂದ್ರ ಹಿತ್ತಲ ಇದ್ದಂಗ. ಹಳಿಯಾಳ ಹಾಯ್ದು ಒಂದೂವರಿ ತಾಸಿನ ಹಾದಿ. ನಮ್ಮ ಮದುವಿ ಆದ ಹೊಸತರಾಗ ಹೋದಾಗ ಕಾಗದದ ಗಿರಣಿ ವಾಸನಿ, ಕಾಳಿ ಹೊಳಿ, ಇಷ್ಟ ನೆನಪು. ಈಗ ಅಲ್ಲೆ ರಿಸಾರ್ಟೇನು, ರಾಫ್ಟಿಂಗೇನು, ಶನಿವಾರ ಬಂದ್ರ ಬೆಂಗಳೂರು-ಪುಣೆ ಗಾಡಿಗಳ ಸಾಲೇನು. ದಾಂಡೇಲಿ ಅಭಯಾರಣ್ಯ ಮತ್ತ ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಕೂಡಿಸಿ 2007ರಾಗ ಹುಲಿ ಸಂರಕ್ಷಿತ ಪ್ರದೇಶ ಮಾಡಿದ್ರು, 2015ರಾಗ ಅದಕ್ಕ ಕಾಳಿ ಅಂತ ಹೆಸರಿಟ್ರು. ದಾಂಡೇಲಿ ಕಡೆ ಮಂದಿ ಭಾಳ. ಜೋಯಿಡಾ ದಾಟಿ ಕುಂಬಾರವಾಡಾದ ಮ್ಯಾಲೆ ಹಾಯ್ದು ಅಣಶಿ ಕಡೆ ಹೊಂಟ್ರ ಮಾತ್ರ ಖರೇ ಅಡವಿ. ಫೋನು ಸುಮ್ನಾಗಿಬಿಡ್ತದ. ಮಧ್ಯಾಹ್ನ ಹನ್ನೆರಡಕ್ಕೂ ರಸ್ತಾದ ಮ್ಯಾಲೆ ಬಿಸಿಲು ಬೀಳಂಗಿಲ್ಲ. ಮಳಿಗಾಲದಾಗಂತೂ ಅಲ್ಲೆ ಅರಬಿ ಒಣಗಿಸೂದು ಹೆಂಗ ಅಂತ ನಂಗ ಮೊದಲ ಅದೇ ವಿಚಾರ ಬಂತು.

ಹೋದ ಮಂದಿ ಎಲ್ಲಾ ತಿರುಗಿ ಬಂದು ಹೇಳೂದು ಒಂದೇ ಮಾತು: "ಏನೂ ಕಾಣಲಿಲ್ಲರೀ." ಏನೂ ಅಂದ್ರ ಹುಲಿ. ನಾಗರಹೊಳಿ, ಕಬಿನಿ ಕಡೆ ಕಂಡಂಗ ಇಲ್ಲೆ ಹುಲಿ ಕಾಣೂದಿಲ್ಲ, ಅಡವಿ ಅಷ್ಟು ದಟ್ಟ ಅದ. ಹುಲಿ ಕಾಣಲಿಲ್ಲ ಅಂದ್ರ ರೊಕ್ಕ ಹೋತು ಅಂತ ಮಾರಿ ಸಣ್ಣ ಮಾಡ್ಕೊಂಡು ಬರ್ತಾರ. ನಮ್ಮನಿಯವರೂ ಮೊದಲ ಸಲ ಹಂಗ ಮಾಡಿದ್ರು. ಜೀಪಿನ್ಯಾಗ ಎರಡು ತಾಸು ಟಣ್ ಟಣ್ ಅಂತ ಹಾರಿ, ಬೆನ್ನು ಹಿಡ್ಕೊಂಡು, "ಇದಕ್ಕಿಂತ ಮನ್ಯಾಗ ಕೂತು ಡಿಸ್ಕವರಿ ನೋಡಿದ್ರ ಆಗ್ತಿತ್ತು" ಅಂದ್ರು. ನಾನೂ ಸುಮ್ನ ಹ್ಞೂಂ ಅಂದೆ. ಆವಾಗ ನನಗೂ ಅಡವಿ ಅಂದ್ರ ಊಟದ ಡಬ್ಬಿ ಹೊತ್ಕೊಂಡು ಹೋಗಿ, ಅಲ್ಲೆ ಹಾಸಿ, ಬಡಿಸಿ, ತೊಳದು, ತಿರುಗಿ ತರೂ ಜಾಗಾ ಅಷ್ಟ. ದಶಮಿ, ಶೇಂಗಾ ಚಟ್ನಿ, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ ಇವಿಷ್ಟರ ಲೆಕ್ಕ ಬಿಟ್ಟು ಮ್ಯಾಲೆ ತಲಿ ಎತ್ತಿ ನೋಡಿರಲಿಲ್ಲ.

ತಲಿ ಎತ್ತಿ ನೋಡಿದ್ದು ಎರಡನೇ ಸಲ. ಕುಳಗಿ ಕಡೆ ಮುಂಜಾನೆ ಚಹಾ ಕುಡೀಲಿಕ್ಕೆ ಹೊರಗ ಕೂತಿದ್ದೆ. ಮ್ಯಾಲಿಂದ ಒಂದು ಸಪ್ಪಳ ಬಂತು, ಹಳೇ ಉಗಿಬಂಡಿ ಉಸಿರು ಬಿಟ್ಟಂಗ, ಹುಸ್ಸ್ ಹುಸ್ಸ್ ಅಂತ. ಏನೋ ಯಂತ್ರ ಅಂದ್ಕೊಂಡೆ. ನೋಡಿದ್ರ ಹಕ್ಕಿ! ಮೂರು ಫೂಟಿಗಿಂತ ಉದ್ದ ಇದ್ದೀತು. ಹಳದಿ ಚುಂಚ, ಅದರ ಮ್ಯಾಲೆ ಇನ್ನೊಂದು ಟೊಪ್ಪಿಗಿ ಇಟ್ಟಂಗ. ರೆಕ್ಕಿ ಬಡದ ಸಪ್ಪಳ ಅದು. ಚಹಾ ಆರಿ ನೀರಾತು, ನಾ ಇನ್ನೂ ಮ್ಯಾಲೇ ನೋಡಕೋತ ಕೂತಿದ್ದೆ. ಹಾರ್ನ್‌ಬಿಲ್ ಅಂತ ಮಗಳು ಹೇಳಿದ್ಲು, ಕನ್ನಡದಾಗ ಮಂಗಟ್ಟೆ. ಈ ಕಾಳಿ ಅಡವ್ಯಾಗ ನಾಲ್ಕು ಜಾತಿ ಮಂಗಟ್ಟೆ ಅವ. ನಾ ಕಂಡದ್ದು ಎಲ್ಲಾಕಿಂತ ದೊಡ್ಡದು, ಕೇರಳದವರು ಇದನ್ನ ತಮ್ಮ ರಾಜ್ಯದ ಹಕ್ಕಿ ಮಾಡ್ಕೊಂಡಾರ. ನಮ್ಮದು ನೀಲಕಂಠ, ಅದೇನು ಕಡಿಮಿ ಇಲ್ಲ ಬಿಡ್ರಿ.

ಆಮ್ಯಾಲೆ ಮಗಳು ಒಂದೊಂದ ಓದಿ ಹೇಳಿದ್ಲು, ನಾ ಬೆರಗಾಗಿ ಕೇಳಿದೆ. ಆ ದೊಡ್ಡ ಮಂಗಟ್ಟೆ ಚುಂಚದ ಹಳದಿ, ಕುತ್ತಿಗಿ ಹಳದಿ ಹುಟ್ಟಿದ್ದಲ್ಲಂತ, ಹಚ್ಚಿಕೊಂಡದ್ದು! ಬಾಲದ ಬುಡಕ ಎಣ್ಣಿ ಚೀಲ ಇರ್ತದ, ಅದರಾಗಿನ ಹಳದಿ ಎಣ್ಣಿ ಚುಂಚಕ್ಕ ತಿಕ್ಕಿ, ಪುಕ್ಕಕ್ಕ ಹಚ್ಚಿಕೊಳ್ತದ. ದಿನಾ ಮುಂಜಾನೆ ಅರಿಶಿಣ ಹಚ್ಕೊಂಡಂಗ. ನಮ್ಮತ್ತಿ ಇದ್ದಿದ್ರ ಇದನ್ನ ಕೇಳಿ ಎಷ್ಟು ನಗ್ತಿದ್ರೋ.

ಅದಕ್ಕಿಂತ ದೊಡ್ಡ ಮಾತು ಇದರ ಬಾಣಂತನ. ನಮ್ಮ ಹೆಣ್ಣಮಕ್ಕಳಿಗೆ ಇದು ತಿಳಿಸಿ ಹೇಳಬೇಕಾಗೇ ಇಲ್ಲ, ತಾನ ತಿಳೀತದ.

ಮಂಗಟ್ಟೆಗೆ ಚುಂಚ ಅಷ್ಟು ದೊಡ್ಡದಿದ್ರೂ ಗಿಡ ಕೊರೀಲಿಕ್ಕೆ ಬರಂಗಿಲ್ಲ. ಹಳೇ ದೊಡ್ಡ ಗಿಡದಾಗ ತಾನ ಆದ ಪೊಟರಿ ಹುಡುಕಬೇಕು. ಅಂಥಾ ಪೊಟರಿ ಸಿಗೂದು ಕಷ್ಟ, ಅದಕ್ಕ ಒಂದು ಸಿಕ್ರ ವರ್ಷಾ ವರ್ಷಾ ಅದಕ್ಕೇ ಬರ್ತಾವ, ನಾವು ಚೊಚ್ಚಲ ಬಾಣಂತನಕ್ಕ ತವರಿಗೆ ಬಂದಂಗ. ಚಳಿ ಕಳದು ಬ್ಯಾಸಗಿ ಬರೂ ಹೊತ್ತಿಗೆ ಹೆಣ್ಣು ಒಳಗ ಹೋಗಿ ಕೂತು, ಮಣ್ಣು, ತನ್ನ ಹಿಕ್ಕಿ, ಹಣ್ಣಿನ ತಿರುಳು ಕಲಸಿ ಬಾಗಲಾ ತಾನ ಮೆತ್ತಿಕೊಳ್ತದ. ಬರೇ ಚುಂಚದ ತುದಿ ಹೊರಗ ಬರೂವಷ್ಟು ಸಂದು ಬಿಟ್ಟಿರ್ತದ. ಒಳಗ ಕೂತ ಮ್ಯಾಲೆ ಅದರ ಹಾರೂ ಪುಕ್ಕ ಉದುರ್ತಾವ. ತತ್ತಿ ಇಟ್ಟು, ಕಾವು ಕೊಟ್ಟು, ಮರಿ ಮಾಡಿ, ಹೊಸಾ ಪುಕ್ಕ ಬಂದು ಹೊರಗ ಬರೂತನಕಾ ತಿಂಗಳುಗಟ್ಟಲೆ ಆಗ್ತದ. ಅಲ್ಲೀತನಕಾ ಗಂಡು ತಂದು ಕೊಟ್ಟದ್ದೇ ಊಟ. ಅತ್ತಿಹಣ್ಣು, ಬಸರಿಹಣ್ಣು, ಆಲದಹಣ್ಣು ಗಂಟಲ ತುಂಬ ತುಂಬಿಕೊಂಡು ಬಂದು, ಸಂದಿನ ಮುಂದ ಕೂತು, ಒಂದೊಂದ ಹಣ್ಣು ಮ್ಯಾಲೆ ತಂದು ಕೊಡ್ತದ. ಮರಿ ಆದ ಮ್ಯಾಲೆ ಹಲ್ಲಿ, ಹುಳ ಸೈತ ತರ್ತದ. ಇನ್ನೊಂದು ನಂಗ ಭಾಳ ಹಿಡಿಸಿದ್ದು: ಒಳಗಿದ್ದಾಕಿ ಹೊಲಸು ಒಳಗ ಮಾಡಂಗಿಲ್ಲ, ಸಂದಿನ್ಯಾಗಿಂದ ಹೊರಗ ಚಿಮ್ಮತಾಳ. ಖೋಲಿ ಸ್ವಚ್ಛ.

ಇದನ್ನ ಕೇಳಿದ ಮ್ಯಾಲೆ ನಂಗ ಗೂಡು ನೋಡೂ ಆಶಾ ಹತ್ತಿತು. ತಪ್ಪು ಅಳಿಯಂದ್ರ ಮ್ಯಾಲೆ ಹಾಕಂಗಿಲ್ಲ. ಕೇಳಿದಾಕಿ ನಾನ. "ಏನ ಆಗ್ಲಿ, ಒಂದ್ ಸಲ ಆ ಗೂಡು ನೋಡಬೇಕು" ಅಂತ ಹೋದ ಏಪ್ರಿಲ್‌ದಾಗ ಹಟ ಹಿಡದಾಕಿ ನಾನ.

ಅಳಿಯಂದ್ರಿಗೆ ಫೋಟೋ ಹುಚ್ಚು. ಮೊಣಕೈ ಉದ್ದದ ಲೆನ್ಸ್ ಅದ ಅವರ ಹತ್ತರ. ಮಗಳು, ಅಳಿಯ, ಒಂದೂವರಿ ವರ್ಷದ ಮೊಮ್ಮಗ, ನಾವಿಬ್ಬರು, ಎಲ್ಲಾರೂ ಹೋಗಿದ್ವಿ. ನಾವು ಇಳಕೊಂಡ ಜಾಗಾದಾಗ ಒಬ್ಬ ಹುಡುಗ "ಗೂಡು ಅದ ರೀ ಅಮ್ಮಾರ, ಐದುನೂರು ಕೊಡ್ರಿ, ಹತ್ತರಕ್ಕ ಕರಕೊಂಡು ಹೋಗಿ ತೋರಸ್ತೀನಿ" ಅಂದ. ನಾ ನನ್ನ ಪರ್ಸಿನ್ಯಾಗಿಂದ ತಗದು ಕೊಟ್ಟೆ.

ಮುಂಜಾನೆ ಏಳಕ್ಕ ಹೋದ್ವಿ. ಅಡವಿ ಅಂಚಿನ್ಯಾಗ ಒಂದು ಹಳೇ ತಾರಿ ಗಿಡ. ನಾವ ಮೊದಲು ಅಂದ್ಕೊಂಡಿದ್ದೆ, ಅಲ್ಲೆ ಆಗಲೇ ಎಂಟು ಮಂದಿ ನಿಂತಿದ್ರು. ಮೂರು ಕಾಲಿನ ಸ್ಟ್ಯಾಂಡು, ದೊಡ್ಡ ದೊಡ್ಡ ಕ್ಯಾಮೆರಾ. ಒಬ್ಬರು ಖುರ್ಚಿ ಸೈತ ಹಾಕ್ಕೊಂಡು ಕೂತಿದ್ರು. ಗಿಡದ ನಡುವ ಒಂದು ಸಂದು, ಅದರಾಗ ಬಿಳಿ-ಹಳದಿ ತುದಿ ಒಂದು ಕಾಣ್ತು. ಒಳಗ ಹೋತು, ಹೊರಗ ಬಂತು. ನನ್ನ ಎದಿ ಡವ ಡವ ಅಂತು ನೋಡ್ರಿ. ಇದು ಕಪ್ಪು-ಬಿಳಿ ಮಂಗಟ್ಟೆ, ಮೊದಲ ನೋಡಿದ್ದಕ್ಕಿಂತ ಸಣ್ಣದು. ಮೊಮ್ಮಗನ್ನ ಎತ್ತಿ ತೋರಿಸಿದೆ. ಅಳಿಯಂದ್ರು ಟಕ ಟಕ ಫೋಟೋ ಶುರು ಮಾಡಿದ್ರು.

ಒಂದು ಹತ್ತು ನಿಮಿಷಕ್ಕ ಗಂಡು ಬಂತು. ಆದ್ರ ಗೂಡಿಗೆ ಬರಲಿಲ್ಲ, ಬಾಜೂಕಿನ ಗಿಡದ ತುದಿಗೆ ಕೂತ್ತು. ಗಂಟಲ ಉಬ್ಬಿತ್ತು, ಹಣ್ಣು ತುಂಬಿಕೊಂಡು ಬಂದಿತ್ತು. ಒಂದ್ ಟೊಂಗಿ ಕೆಳಗ ಇಳೀತು, ನಮ್ಮನ್ನ ನೋಡ್ತು, ಮತ್ತ ಮ್ಯಾಲೆ ಏರಿತು. ಹಾರಿ ಹೋತು. ತಿರುಗಿ ಬಂತು. ಮತ್ತ ಅದೇ. ಅಷ್ಟರಾಗ ಒಬ್ಬರು ಫೋನಿನ್ಯಾಗ ಮಂಗಟ್ಟೆ ಕೂಗು ಹಚ್ಚಿದ್ರು, ಹತ್ತರ ಬರಲಿ ಅಂತ. ಅದು ಬೆದರಿ ಹೊಳಿ ಕಡೆ ಹಾರಿತು. "ಬರ್ತದ ಬರ್ತದ, ಯಾರೂ ಅಲುಗಬ್ಯಾಡ್ರಿ" ಅಂತ ಒಬ್ಬರು. "ನಿನ್ನೇನೂ ಹಿಂಗ ಮಾಡ್ತು, ಒಂಬತ್ತರ ಮ್ಯಾಲೆ ಬಂತು" ಅಂತ ಇನ್ನೊಬ್ಬರು.

ನಿನ್ನೇನೂ!

ಆ ಮಾತು ಕಿವಿಗೆ ಬಿದ್ದ ಮ್ಯಾಲೆ ನನಗ ಚುಂಚ ಕಾಣಲಿಲ್ಲ, ಒಳಗ ಕೂತಾಕಿ ಕಂಡ್ಲು. ಹಸದು ಕೂತಾಳ. ಮಗ್ಗಲದಾಗ ಮರಿ ಇದ್ದೀತು. ಪುಕ್ಕ ಇಲ್ಲ, ಒಡಕೊಂಡು ಹೊರಗ ಬಂದ್ರೂ ಹಾರಲಿಕ್ಕೆ ಬರಂಗಿಲ್ಲ. ಗಂಡ ಊಟ ತಂದಾನ, ಬಾಗಲದಾಗ ಹತ್ತು ಮಂದಿ ನಿಂತಾರ. ಆ ಹತ್ತರಾಗ ನಾನೂ ಒಬ್ಬಾಕಿ.

ಮಗಳ ಕಿವ್ಯಾಗ ಅಂದೆ, "ನಿನ್ನ ಬಾಣಂತನದಾಗ ಹನ್ನೊಂದನೇ ದಿನಾ ನೆನಪದ ಏನು?" ಅಷ್ಟ ಸಾಕಾತು ಅಕಿಗೆ. ನಮ್ಮ ಮನ್ಯಾಗ ಬಾಣಂತನ ಮಾಡಿದ್ದು. ಖೋಲಿ ಬಾಗಲಾ ಮುಚ್ಚಿ, ಕಿಡಕಿಗೆ ಪಡದೆ ಬಿಟ್ಟು, ಅಗ್ಗಿಷ್ಟಿಗಿ ಇಟ್ಟು, ಅಜವಾನದ ಹೊಗಿ ಹಾಕಿ, ಅಂಟಿನುಂಡಿ, ಸಬ್ಬಸಗಿ ಪಲ್ಯ, ಬಿಸಿ ಅನ್ನ-ತುಪ್ಪ ಹೊತ್ತು ಹೊತ್ತಿಗೆ ಕೊಟ್ಟಿದ್ದೆ. ಹನ್ನೊಂದನೇ ದಿನಾ ಅವರ ಕಡೆ ಮಂದಿ ಏಳೆಂಟು ಜನ ಒಮ್ಮೆಲೆ ಬಂದು, ಖೋಲಿ ತುಂಬ ನಿಂತು, ಕೂಸಿನ ಫೋಟೋ, ಬಾಣಂತಿ ಫೋಟೋ, ವಿಡಿಯೋ ಕಾಲ್, ಫ್ಲ್ಯಾಶು. ಕೂಸು ಚೀರಿ ಚೀರಿ ಕೆಂಪಾತು. ಅಕಿಗೆ ಹಾಲು ಕೊಡೂ ಹೊತ್ತು ಆಗಿತ್ತು, ಎಲ್ಲಾರ ಮುಂದ ಹೆಂಗ ಕೊಡಬೇಕು? ತಾಸೊತ್ತು ಹಂಗ ಕೂತ್ಲು, ಕಣ್ಣಾಗ ನೀರು ತುಂಬಿದ್ವು. ಬಂದವರು ಕೆಟ್ಟವರಲ್ಲ, ಪ್ರೀತಿಲೆ ಬಂದವರು. ಪ್ರೀತಿ ಇದ್ರ ಕೂಸಿನ ಹಸಿವಿ ಹೋಗ್ತದ ಏನು? ನಾ ಆವಾಗ "ಬೀಗರು" ಅಂತ ಬಾಯಿ ಮುಚ್ಚಿಕೊಂಡು ಚಹಾ ಕಾಸಲಿಕ್ಕೆ ಹೋಗಿದ್ದೆ. ಅದು ಇವತ್ತಿಗೂ ಮನಸಿನ್ಯಾಗ ಚುಚ್ಚತದ.

ಅಳಿಯಂದ್ರಿಗೆ ಹೇಳೂದು ಹೆಂಗ? ಅಳಿಯ ಅಂದ್ರ ನಮ್ಮಲ್ಲೆ ಹೆಂಗ ಅಂತ ನಿಮಗೆಲ್ಲಾ ಗೊತ್ತದ. ಮಣಿ ಹಾಕಿ ಕೂಡಿಸಿ ಬಡಸ್ತೀವಿ ಹೊರತು ಅವರಿಗೆ ಬುದ್ಧಿ ಹೇಳಂಗಿಲ್ಲ. ಮಗಳು ಹೋಗಿ ಏನೋ ಅಂದ್ಲು. ಅವರು "ಐದ ನಿಮಿಷ, ಗಂಡು ಬಂದು ಊಟಾ ಕೊಡೂದು ಒಂದ್ ಫೋಟೋ ಸಿಕ್ರ ಹೋಗೂಣು" ಅಂದ್ರು. ಆಗ ನಾ ಮುಂದ ಹೋಗಿ ಅಂದೆ, "ಅಲ್ಲರೀ, ನಾವು ಇಲ್ಲೆ ಇರೂತನಕಾ ಅದು ಊಟಾ ಕೊಡಂಗೇ ಇಲ್ಲ. ನಿಮ್ಮ ಫೋಟೋ ಬೇಕಂದ್ರ ಅದು ಹಸದ ಇರಬೇಕು. ನಡೀರಿ." ದನಿ ಸ್ವಲ್ಪ ಜೋರ ಆತೇನೋ, ಉಳದವರೂ ತಿರುಗಿ ನೋಡಿದ್ರು. ನಮ್ಮನಿಯವರು ಗಾಬರಿ ಆದ್ರು. ಅಳಿಯಂದ್ರು ಒಂದು ಕ್ಷಣ ನನ್ನ ಮಾರಿ ನೋಡಿದ್ರು, ಆಮ್ಯಾಲೆ ಸುಮ್ನ ಲೆನ್ಸ್ ಬಿಚ್ಚಿ ಚೀಲದಾಗ ಇಟ್ರು.

ನಲವತ್ತು ನಿಮಿಷ ನಿಂತಿದ್ವಿ ಅಲ್ಲೆ. ನಾವು ಬರೂತನಕಾ ಅದು ಗೂಡಿಗೆ ಬಂದಿರಲಿಲ್ಲ. ಉಳಿದವರು ಏಳಲಿಲ್ಲ. ಗಾಡ್ಯಾಗ ಕೂತು ಯಾರೂ ಮಾತಾಡಲಿಲ್ಲ, ಮೊಮ್ಮಗ ಒಬ್ಬನ "ಹಕ್ಕೀ ಹಕ್ಕೀ" ಅಂತಿದ್ದ.

ಈ ಮಾತು ಹೇಳಿದಾಗ ನಮ್ಮ ಬಳಗದಾಗ ಕೆಲವರು ನನ್ನ ಕೂಡ ವಾದ ಮಾಡಿದ್ರು. ಒಬ್ಬರು ಅಂದ್ರು, "ಫೋಟೋ ತಗದ್ರಲ್ಲಾ ಮಂದಿಗೆ ಹಕ್ಕಿ ಮ್ಯಾಲೆ ಪ್ರೀತಿ ಹುಟ್ಟೂದು? ನಿನಗೂ ಹಂಗ ಹುಟ್ಟೇದ." ಮಾತು ಸುಳ್ಳಲ್ಲ. ಆದ್ರ ನಂಗ ಪ್ರೀತಿ ಹುಟ್ಟಿದ್ದು ಚಹಾ ಕುಡಕೋತ ಕೂತಾಗ ತಲಿ ಮ್ಯಾಲೆ ಹಾರಿ ಹೋದ ಹಕ್ಕಿ ಮ್ಯಾಲೆ, ಗೂಡಿನ ಮುಂದ ನಿಂತು ಅಲ್ಲ. ಗೂಡಿನ್ಯಾಗ ಊಟಾ ಕೊಡೂ ಫೋಟೋ ಸಾವಿರಗಟ್ಟಲೆ ಆಗಲೇ ಅವ. ಸಾವಿರದ ಒಂದನೇದು ನಮ್ಮ ಅಳಿಯಂದ್ರು ತಗದ್ರ ಮಂಗಟ್ಟೆಗೆ ಏನು ಉಪಕಾರ ಆಗ್ತದ, ಅದನ್ನ ಯಾರರ ನಂಗ ತಿಳಿಸಿ ಹೇಳ್ರಿ.

ಇನ್ನೊಬ್ಬರು ಕೇಳಿದ ಪ್ರಶ್ನಾ ಮಾತ್ರ ಖರೇ ಕಠಿಣ. "ಆ ಹುಡುಗನ ಹೊಟ್ಟಿಪಾಡು ಏನು? ಐದುನೂರು ರೂಪಾಯಿ ಅವನಿಗೆ ದೊಡ್ಡದು." ಹೌದು, ದೊಡ್ಡದು. ಆ ಅಡವ್ಯಾಗ ಕುಣಬಿಯರು, ಗೌಳಿಗರು, ಸಿದ್ದಿಯರು ತಲಿತಲಾಂತರದಿಂದ ಅದಾರ. ಅಡವಿ ಕಾಯ್ದೆ ಅವರ ಮ್ಯಾಲೆ ಎಷ್ಟು ಬಿಗಿ ಅದ ಅಂದ್ರ ಒಂದು ಟೊಂಗಿ ಕಡದ್ರೂ ಕೇಳ್ತಾರ. ನಮ್ಮಂಥವರು ಊರಿಂದ ಹೋಗಿ ಅವರಿಗೆ ಧರ್ಮ ಹೇಳೂದು ನಂಗೂ ಸರಿ ಅನ್ಸಂಗಿಲ್ಲ. ಅದಕ್ಕ ನಾ ಆ ಹುಡುಗನ ಮ್ಯಾಲೆ ಸಿಟ್ಟಾಗಿಲ್ಲ. ಅಂವ ನಾವು ಏನು ಕೇಳ್ತೀವಿ ಅದನ್ನ ಮಾರ್ತಾನ. ಕೇಳೂದು ನಾವು ಬದಲಿ ಮಾಡಬೇಕು. ಗೂಡು ತೋರಸು ಅನ್ನೂ ಬದಲಿ "ಯಾವ ಅತ್ತಿ ಗಿಡ ಈಗ ಹಣ್ಣಾಗೇದ, ಅಲ್ಲಿಗೆ ಕರಕೊಂಡು ಹೋಗು, ದೂರದಿಂದ ನೋಡ್ತೀವಿ" ಅಂತ ಕೇಳಿ ಅದೇ ಐದುನೂರು ಕೊಡ್ರಿ. ಹಣ್ಣಾದ ಗಿಡ ಗೊತ್ತಿರೂದು ಸಣ್ಣ ವಿದ್ಯಾ ಅಲ್ಲ, ಗೂಡು ಗೊತ್ತಿರೂದಕ್ಕಿಂತ ದೊಡ್ಡದು.

ದೂರ ಈಶಾನ್ಯದಾಗ, ಅರುಣಾಚಲ ಪ್ರದೇಶದ ಪಕ್ಕೆ ಅನ್ನೂ ಹುಲಿ ಅರಣ್ಯದ ಬಾಜೂಕ ಇಂಥಾದ್ದೇ ಒಂದು ವ್ಯವಸ್ಥಾ ಮಾಡ್ಯಾರ. ಅಲ್ಲಿ ನಿಶಿ ಜನ ಮೊದಲ ಮಂಗಟ್ಟೆ ಚುಂಚ ಟೊಪ್ಪಿಗಿಗೆ ಸಿಗಿಸ್ಕೊಳ್ತಿದ್ರು. ಈಗ ಫೈಬರಿನ ಚುಂಚ ಹಾಕ್ಕೋತಾರ, ಮತ್ತ ಅದೇ ಊರಿನವರು ಪಗಾರದ ಮ್ಯಾಲೆ ಗೂಡು ಕಾಯ್ತಾರ. ಬ್ಯಾರೆ ಊರಿನ ಮಂದಿ ಒಂದೊಂದು ಗೂಡಿನ ಖರ್ಚು ದತ್ತು ತಗೊಂಡು ರೊಕ್ಕ ಕೊಡ್ತಾರ. ಈ ಕೆಲಸದ ಹಿಂದ ಇರೂ ವಿಜ್ಞಾನಿಗಳಾಗ ಒಬ್ಬರು ಅಪರಾಜಿತಾ ದತ್ತಾ, ಹೆಣ್ಣಮಗಳು. ಥೈಲ್ಯಾಂಡಿನ್ಯಾಗೂ ಮೊದಲ ಮರಿ ಕದೀತಿದ್ದವರನ್ನ ಗೂಡು ಕಾಯೂವಂಗ ಮಾಡಿದಾಕಿ ಪಿಲಾಯ್ ಪೂನ್‌ಸ್ವಾದ್ ಅನ್ನೂ ಹೆಣ್ಣಮಗಳೇ, 2006ರಾಗ ಅಕಿಗೆ ರೋಲೆಕ್ಸ್ ಪ್ರಶಸ್ತಿ ಬಂತು. ನಮ್ಮ ಸಹ್ಯಾದ್ರಿ ಕಡೆ ಸಣ್ಣ ಬೂದ ಮಂಗಟ್ಟೆ ಮ್ಯಾಲೆ ಅಭ್ಯಾಸ ಮಾಡಿದ ದಿವ್ಯಾ ಮುದ್ದಪ್ಪ, ಅವರೂ ಹೆಣ್ಣಮಗಳು. ಬಾಣಂತನ ಹೆಂಗಸರಿಗೇ ಲಗೂ ತಿಳೀತದ ಅಂತ ನಾ ಅಂದೆ, ಮಗಳು "ಅವರೆಲ್ಲಾ ವಿಜ್ಞಾನಿ ಅಮ್ಮಾ, ಹಂಗೆಲ್ಲಾ ಅನ್ನಬ್ಯಾಡ" ಅಂತ ಬೈದ್ಲು.

ದಾಂಡೇಲ್ಯಾಗೂ ಸರಕಾರ ಸುಮ್ನ ಕೂತಿಲ್ಲ. 2011ರಾಗ ಹಾರ್ನ್‌ಬಿಲ್ ಸಲುವಾಗೇ ಒಂದು ಸಂರಕ್ಷಿತ ಜಾಗಾ ಮಾಡಿದ್ರು, 2018ರಾಗ ಹಾರ್ನ್‌ಬಿಲ್ ಹಬ್ಬ ಮಾಡಿದ್ರು. ಆದ್ರ ಹಬ್ಬ ಮಾಡಿ ಮಂದಿ ಕರದ ಮ್ಯಾಲೆ ಬಂದ ಮಂದಿ ಎಲ್ಲಿ ನಿಲ್ಲಬೇಕು ಅನ್ನೂದನ್ನ ಯಾರು ನೋಡಬೇಕು? ಗೂಡಿದ್ದ ಒಂದೊಂದ ಗಿಡಕ್ಕೂ ಗಾರ್ಡ್ ಇಡಲಿಕ್ಕೆ ಆಗೂದಿಲ್ಲ. ಅಲ್ಲೆ ನಾವ ನಮಗ ಗಾರ್ಡ್ ಆಗಬೇಕು, ಬ್ಯಾರೆ ದಾರಿ ನಂಗ ಕಾಣಂಗಿಲ್ಲ.

ಹಂಗಂತ ಅಡವಿಗೆ ಹೋಗಬ್ಯಾಡ್ರಿ ಅಂತ ನಾ ಅನ್ನಂಗಿಲ್ಲ. ಹೋಗ್ರಿ, ಖಂಡಿತ ಹೋಗ್ರಿ. ನಮ್ಮ ವಯಸ್ಸಿನ ಹೆಣ್ಣಮಕ್ಕಳು ಗುಡಿಗೆ, ಮದುವಿಗೆ, ದವಾಖಾನಿಗೆ ಬಿಟ್ರ ಎಲ್ಲಿಗೆ ಹೋಗ್ತೀವಿ? ಹಕ್ಕಿ ನೋಡಲಿಕ್ಕೆ ಮೊಣಕಾಲು ಗಟ್ಟಿ ಇರಬೇಕಂತಿಲ್ಲ, ಗುಡ್ಡಾ ಏರಬೇಕಂತಿಲ್ಲ. ಒಂದ ಕಡೆ ಸುಮ್ನ ಕೂಡಲಿಕ್ಕೆ ಬಂದ್ರ ಸಾಕು. ಅದೇ ನಮಗ ಕಠಿಣ, ಅದು ಬ್ಯಾರೆ ಮಾತು. ಮೊದಲ ಅರ್ಧಾ ತಾಸು ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅನ್ನೂದೇ ತಲ್ಯಾಗ ತಿರಗತಿರ್ತದ.

ಈ ಜನವರ್ಯಾಗ ನಾ, ನಮ್ಮ ನಾದಿನಿ, ಇಬ್ಬರು ಗೆಳತೇರು ಹೋಗಿದ್ವಿ. ಗಂಡಸರನ್ನ ಬಿಟ್ಟು. ಅದು ಗೂಡು ಕಟ್ಟೂಕಿಂತ ಮೊದಲಿನ ಕಾಲ, ಕಪ್ಪು-ಬಿಳಿ ಮಂಗಟ್ಟೆ ಗುಂಪುಗುಂಪಾಗಿ ಇರ್ತಾವ. ದಾಂಡೇಲಿ ಊರಾಗಿನ ಟಿಂಬರ್ ಡಿಪೋದಾಗ, ಕಟಗಿ ಒಟ್ಟಿದ್ದ ಕಡೆ ದೊಡ್ಡ ಗಿಡ ಅವ. ಗೇಟಿನ್ಯಾಗ ಕೇಳಿಕೊಂಡು ಮುಂಜಾನೆ ಒಳಗ ಹೋಗಿ ನಿಂತ್ವಿ. ಅಡವಿ ಒಳಗ ಹೋಗಬೇಕಾಗೇ ಇಲ್ಲ, ತಲಿ ಮ್ಯಾಲೇ ಬರ್ತಾವ, ಕಕ್ಕರಿಸಿ ನಕ್ಕಂಗ ಕೂಗತಾವ. ನಾವು ವಿಷ ಅಂತ ಮುಟ್ಟಲಾರದ ಕಾಸರಕದ ಹಣ್ಣು ಸೈತ ತಿಂದು ಅರಗಿಸ್ಕೋತಾವ. ಸಂಜಿಗೆ ಕಾಳಿ ಹೊಳಿ ದಂಡಿಗೆ ಕೂತ್ವಿ. ಸೂರ್ಯ ಇಳೂ ಹೊತ್ತಿಗೆ ಎರಡೆರಡಾಗಿ, ಮೂರು ಮೂರಾಗಿ ಹೊಳಿ ದಾಟಿ ಮಲಗೂ ಗಿಡಕ್ಕ ಹೋಗೂದು ನೋಡಿದ್ವಿ. ನಮ್ಮ ನಾದಿನಿ ಎಣಸಾಕ ಕೂತ್ಲು. ಇಪ್ಪತ್ತಮೂರು. ಒಬ್ಬ ಗೆಳತಿ ಇಪ್ಪತ್ತೈದು ಅಂದ್ಲು. ಆ ಎರಡರ ಸಲುವಾಗಿ ಊರು ಮುಟ್ಟೂತನಕಾ ಜಗಳ. ಯಾವ ಹಕ್ಕಿಗೂ ನಮ್ಮಿಂದ ಒಂದು ತುತ್ತು ತಪ್ಪಲಿಲ್ಲ.

ಹೋಗೂವರಿಗೆ ಒಂದೆರಡು ಸಣ್ಣ ಮಾತು ಹೇಳಬೇಕು, ಇವನ್ನ ಗಂಡಸರು ಯಾರೂ ಬರಿಯಂಗಿಲ್ಲ. ಅಡವ್ಯಾಗ ಹೆಣ್ಣಮಕ್ಕಳಿಗೆ ಹೋಗಲಿಕ್ಕೆ ಜಾಗಾ ಇರಂಗಿಲ್ಲ ಅಂತ ನೀರು ಕುಡೀಲಾರದ ಕೂಡ್ತೀರಿ, ಹಂಗ ಮಾಡಬ್ಯಾಡ್ರಿ. ಸಫಾರಿ ಗಾಡಿ ಹತ್ತೂಕಿಂತ ಮೊದಲ ಗೇಟಿನ್ಯಾಗ ಎಲ್ಲೆ ಅದ ಕೇಳಿ ಮುಗಿಸ್ಕೊಂಡು ಹತ್ರಿ. ಕೆಂಪು, ಗುಲಾಬಿ ಬಣ್ಣದ ಪತ್ತಲ ಬ್ಯಾಡ, ಹಸಿರು-ಬೂದಿ ಬಣ್ಣದ ಡ್ರೆಸ್ ಇರಲಿ. ಕೈಯಾಗ ಗಿಲಿಗಿಲಿ ಅನ್ನೂ ಬಳಿ ಕಡಿಮಿ ಇರಲಿ, ಗಾಜಿನವು ಎರಡೆರಡು ಸಾಕು. ಚಕ್ಕುಲಿ ಚೀಲಾ ಗಾಡ್ಯಾಗ ಚರ ಚರ ತಗೀಬ್ಯಾಡ್ರಿ, ಮಂಗ್ಯಾಗೋಳಿಗೆ ಹಾಕಬ್ಯಾಡ್ರಿ. ಊಟಾ ತಗೊಂಡು ಹೋದ್ರ ಪ್ಲ್ಯಾಸ್ಟಿಕ್ ಅಷ್ಟೂ ತಿರುಗಿ ಮನಿಗೆ ತರ್ರಿ. ದುರ್ಬೀನು ಒಂದು ಇದ್ರ ನಾಲ್ಕು ಮಂದಿಗೆ ಸಾಕು. ನನ್ನ ಹತ್ತರ ಅದ, ಬೇಕಾದವರು ಒಯ್ಯಬಹುದು. ತಿರುಗಿ ಕೊಡೂದು ಮರೀಬ್ಯಾಡ್ರಿ, ನನ್ನ ಇಡ್ಲಿ ಪಾತ್ರಿ ಯಾರ ಮನ್ಯಾಗ ಅದ ಇನ್ನೂ ಪತ್ತೆ ಇಲ್ಲ.

ಬ್ಯಾಸಗಿ ಸೂಟ್ಯಾಗೇ ಹೋಗಬೇಕಾದ್ರ, ಹುಡುಗೂರ ಸಾಲಿ ಸೂಟಿ ಆವಾಗಷ್ಟ ಇರ್ತದ ಅಂತ ನನಗೂ ಗೊತ್ತದ, ಗೂಡಿನ ಸುದ್ದಿ ತಗೀಬ್ಯಾಡ್ರಿ. ಅಕಸ್ಮಾತ್ ಹಾದ್ಯಾಗ ಕಂಡ್ರ ನಿಲ್ಲಲಾರದ ಮುಂದ ಹೋಗ್ರಿ. ಎಲ್ಲೆ ಅದ ಅಂತ ಫೋಟೋದ ಕೂಡ ಗ್ರೂಪಿಗೆ ಹಾಕಬ್ಯಾಡ್ರಿ. ನಿಮ್ಮ ಅಳಿಯ, ಮಗ, ಮೈದುನ ಯಾರರ ಹಟ ಮಾಡಿದ್ರ "ನಿನ್ನ ಹೆಂಡ್ತಿ ಬಾಣಂತಿ ಇದ್ದಾಗ ಹಿಂಗ ಮಂದಿ ನಿಂತಿದ್ರ?" ಅಂತ ಕೇಳ್ರಿ. ನಮ್ಮ ಅಳಿಯಂದ್ರು ಆಮ್ಯಾಲೆ ಎರಡು ದಿನ ನನ್ನ ಕೂಡ ಎಷ್ಟು ಬೇಕೋ ಅಷ್ಟ ಮಾತಾಡಿದ್ರು. ಮೂರನೇ ದಿನ ಹೊಂಡೂ ಮುಂದ "ಅತ್ಯಾರ, ಆ ಫೋಟೋ ಎಲ್ಲಾ ಅಳಿಸಿದೆ" ಅಂದ್ರು. ಒಂದು ಇಟ್ಟಿದ್ರೂ ನಡೀತಿತ್ತು ಅಂತ ನಂಗ ಒಳಗ ಅನಿಸ್ತು, ಆದ್ರ ಅನ್ನಲಿಲ್ಲ.

ವೈನಿ, ಈಗ ತಿಳೀತಲ್ಲಾ ನಂಬರ ಯಾಕ ಕೊಡಲಿಲ್ಲ ಅಂತ. ನೀವು ಹೊಂಟದ್ದು ಹೋಗ್ರಿ, ಕಾಳಿ ಹೊಳಿ ದಂಡಿಗೆ ಸಂಜಿಗೆ ಹುಡುಗೂರನ್ನ ಕೂಡಿಸ್ರಿ, ನೀರಿನ್ಯಾಗ ಮೊಸಳಿ ಅವ, ಕಾಲ ಇಳಿಬಿಡಲಿಕ್ಕೆ ಕೊಡಬ್ಯಾಡ್ರಿ. ಬರೂ ಡಿಸೆಂಬರ್‌ದಾಗ ಮತ್ತ ನಾವು ಹೆಣ್ಣಮಕ್ಕಳಷ್ಟ ಹೊಂಟೀವಿ, ಗಾಡ್ಯಾಗ ಇನ್ನೂ ಇಬ್ಬರಿಗೆ ಜಾಗಾ ಅದ. ದಶಮಿ ನಾ ಮಾಡ್ತೀನಿ. ಗುರೆಳ್ಳ ಚಟ್ನಿ ನಿಮ್ಮದು ಛೊಲೊ ಆಗ್ತದ, ಅದನ್ನ ನೀವು ತರ್ರಿ.